ನೇಮಿಸಿದರೆ ಸಾಲದು, ಉಳಿಸಿಕೊಳ್ಳಲೂ ಹಣ ಬೇಕು

ಮಾನ್ಯ ಸಂಪಾದಕರೇ,

ಹದಿಹರೆಯದವರ ಮಾನಸಿಕ ಆರೋಗ್ಯದ ಮಾತು ಬಂದಾಗಲೆಲ್ಲ ಇಷ್ಟು ಹೊಸ ಹುದ್ದೆ ತುಂಬುತ್ತೇವೆ ಎಂಬ ಭರವಸೆ ಕೇಳಿಬರುತ್ತದೆ. ತುಂಬಿದ ಹುದ್ದೆ ಎಷ್ಟು ತಿಂಗಳಲ್ಲಿ ಮತ್ತೆ ಖಾಲಿಯಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹನ್ನೊಂದು ವರ್ಷ ಈ ವಯಸ್ಸಿನ ಮಕ್ಕಳ ಆಪ್ತಸಮಾಲೋಚಕಿಯಾಗಿ ದುಡಿದ ನನ್ನನ್ನು ಕಾಡುವುದು ಆ ಕೇಳದ ಪ್ರಶ್ನೆಯೇ.

ಒಂದು ಕೇಂದ್ರಕ್ಕೆ ಸೇರಿದ ಮೊದಲ ವಾರ ಹದಿನಾರರ ಹುಡುಗಿಯೊಬ್ಬಳು ಬಂದಳು. ಕುರ್ಚಿಯ ಅಂಚಿನಲ್ಲಿ ಕುಳಿತು, ಚೀಲವನ್ನು ತೊಡೆಯ ಮೇಲಿಂದ ಇಳಿಸದೆ, ‘ನೀವು ಎಷ್ಟು ದಿನ ಇರುತ್ತೀರಿ ಮೇಡಂ?’ ಎಂದಳು. ಕಡತ ತೆರೆದು ನೋಡಿದೆ. ಹದಿನಾಲ್ಕು ತಿಂಗಳಲ್ಲಿ ಮೂವರ ಕೈಬರಹ. ಮೂವರೂ ಮೊದಲ ಪುಟದಲ್ಲಿ ಅದೇ ಸಂಗತಿಯನ್ನು ಬರೆದುಕೊಂಡಿದ್ದರು. ಮೂವರ ಟಿಪ್ಪಣಿಯೂ ನಾಲ್ಕೈದು ಭೇಟಿಗೆ ನಿಂತುಹೋಗಿತ್ತು. ಹೆತ್ತವರಿಗೂ ಹೇಳಲಾರದ್ದನ್ನು ಆ ಮಗು ಮೂರು ಸಲ ಅಪರಿಚಿತರ ಮುಂದೆ ಬಿಚ್ಚಿಟ್ಟಿತ್ತು. ನಾಲ್ಕನೆಯ ಸಲ ಹೇಳು ಎನ್ನಲು ನನಗೆ ಬಾಯಿ ಬರಲಿಲ್ಲ. ಅಂದು ಅದೊಂದನ್ನು ಬಿಟ್ಟು ಬೇರೆಲ್ಲ ಮಾತನಾಡಿದೆವು. ಅವಳು ಚೀಲ ಕೆಳಗಿಟ್ಟದ್ದು ಮೂರನೆಯ ಭೇಟಿಯಲ್ಲಿ.

ಬಿಟ್ಟುಹೋದ ಮೂವರನ್ನು ನಾನು ದೂರಲಾರೆ. ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆ, ಅನುದಾನ ತಡವಾದರೆ ತಡವಾಗುವ ಸಂಬಳ, ದಿನಕ್ಕೆ ಹತ್ತು ಹನ್ನೆರಡು ಮಕ್ಕಳು, ಅದರ ಮೇಲೆ ವರದಿಗಳ ರಾಶಿ. ಬದುಕೇ ಸಾಕು ಎಂದ ಹುಡುಗನನ್ನು ಮನೆಯವರ ಕೈಗೊಪ್ಪಿಸಿ ಬಂದು, ರಾತ್ರಿಯಿಡೀ ಮೊಬೈಲನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡವರ ಭಾರವನ್ನು ತುಂಬಿಸಲು ಆ ವರದಿಗಳಲ್ಲಿ ಜಾಗವಿಲ್ಲ. ಕೆಲಸದಿಂದ ಆಗುವ ಈ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿದಾಗ ಕಾಯಿಲೆ ಎನ್ನಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಅಂದರೆ ಮದ್ದು ಮಾಡಬೇಕಾದದ್ದು ಕೆಲಸದ ಜಾಗಕ್ಕೆ. ಬಳಲಿದವರನ್ನು ಅರ್ಧ ದಿನದ ಒತ್ತಡ ನಿವಾರಣಾ ಶಿಬಿರಕ್ಕೆ ಕಳಿಸಿ ಮರುದಿನ ಅದೇ ಹನ್ನೆರಡು ಮಕ್ಕಳ ಮುಂದೆ ಕೂರಿಸಿದರೆ ಏನೂ ಬದಲಾಗದು.

ಅಗತ್ಯ ಎಷ್ಟಿದೆ ಎಂಬುದು ಎಲ್ಲರಿಗೂ ಗೊತ್ತು. 10ರಿಂದ 19 ವರ್ಷದ ಏಳು ಮಂದಿಯಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇದೆ ಎಂದು ಅದೇ ಸಂಸ್ಥೆ ಹೇಳುತ್ತದೆ. ಆದರೆ ಸರ್ಕಾರಗಳು ಆರೋಗ್ಯಕ್ಕಾಗಿ ತೆಗೆದಿಡುವ ಹಣದಲ್ಲಿ ಮಾನಸಿಕ ಆರೋಗ್ಯಕ್ಕೆ ಸಿಗುವುದು ಶೇ 2ರ ಆಸುಪಾಸು. ಸಂಸ್ಥೆಯ 2020ರ ಸಮೀಕ್ಷೆಯ ಪ್ರಕಾರ ಜಗತ್ತಿನಲ್ಲಿ ಲಕ್ಷ ಜನರಿಗೆ 13 ಮಾನಸಿಕ ಆರೋಗ್ಯ ಕಾರ್ಯಕರ್ತರಿದ್ದರು. ಇದು ಎಲ್ಲ ವಯಸ್ಸಿನವರಿಗೂ ಸೇರಿದ ಲೆಕ್ಕ. ಎಳೆಯರಿಗೆಂದೇ ಮೀಸಲಾದವರು ಅದರಲ್ಲೊಂದು ಸಣ್ಣ ಪಾಲು. ಇಷ್ಟು ವಿರಳವಾದ ಕೈಗಳನ್ನು ಕಳೆದುಕೊಳ್ಳುತ್ತಾ ಹೋಗುವುದು ನನಗಂತೂ ಅರ್ಥವಾಗದ ಸಂಗತಿ.

ನೇಮಕಾತಿಗೂ ನೆರವು ಬೇಕು, ಇಲ್ಲವೆನ್ನುವುದಿಲ್ಲ. ಈ ವಿಷಯ ಓದುವವರು ತರಬೇತಿಯ ಅವಧಿಯಲ್ಲಿ ನೂರಾರು ಗಂಟೆ ಸಂಬಳವಿಲ್ಲದೆ ದುಡಿಯುವುದು ಸಾಮಾನ್ಯ. ಅದಕ್ಕೊಂದು ಭತ್ಯೆ ಕೊಟ್ಟರೆ ಬಡ ಮನೆಗಳ ಹುಡುಗ ಹುಡುಗಿಯರೂ ಈ ಕೆಲಸಕ್ಕೆ ಬಂದಾರು. ಆದರೆ ಬಂದವರು ನಿಲ್ಲಬೇಕಾದರೆ ಅನುದಾನ ಒಂದು ವರ್ಷದ್ದಾಗಿದ್ದರೆ ಆಗದು, ಕನಿಷ್ಠ ನಾಲ್ಕೈದು ವರ್ಷದ್ದಾಗಿರಬೇಕು. ಅಷ್ಟೇ ಓದಿದವರಿಗೆ ಬೇರೆಡೆ ಸಿಗುವ ಸಂಬಳ ಇಲ್ಲೂ ಸಿಗಬೇಕು. ಮಕ್ಕಳ ಸಂಖ್ಯೆಗೆ ಮಿತಿ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಅನುದಾನದ ಅರ್ಜಿಗಳಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ: ಹಿರಿಯರೊಬ್ಬರ ಮೇಲ್ವಿಚಾರಣೆ. ವಾರಕ್ಕೊಂದು ಗಂಟೆ ಅನುಭವಿಯೊಬ್ಬರ ಎದುರು ಕುಳಿತು, ‘ಈ ಮಗುವಿನ ವಿಷಯದಲ್ಲಿ ನನಗೆ ದಾರಿ ಕಾಣುತ್ತಿಲ್ಲ’ ಎಂದು ಹೇಳಿಕೊಳ್ಳುವ ಅವಕಾಶ. ನನ್ನ ಎರಡನೆಯ ವರ್ಷದಲ್ಲಿ ರಾಜೀನಾಮೆ ಪತ್ರ ಬರೆದಿಟ್ಟಿದ್ದೆ. ಅದನ್ನು ಕೊಡದೆ ಉಳಿದದ್ದು ಅಂಥ ಒಬ್ಬ ಹಿರಿಯರಿಂದ. ಅವರು ಉಪದೇಶ ಮಾಡಲಿಲ್ಲ. ನನ್ನ ಟಿಪ್ಪಣಿಯನ್ನು ಸಾಲು ಸಾಲಾಗಿ ಓದಿ, ‘ಇಲ್ಲಿ ಆ ಹುಡುಗ ನಿಮ್ಮನ್ನು ನಂಬಿದ್ದಾನೆ, ನೋಡಿ’ ಎಂದು ಒಂದು ಕಡೆ ಬೆರಳಿಟ್ಟು ತೋರಿಸಿದರು. ಆ ಗಂಟೆಗೆ ಅವರಿಗೆ ಯಾರೂ ಹಣ ಕೊಡುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಹಣ ಎಲ್ಲಿದೆ ಎನ್ನುವವರು ಈಗ ಆಗುತ್ತಿರುವ ಖರ್ಚನ್ನೂ ಲೆಕ್ಕ ಹಾಕಲಿ. ಒಬ್ಬರು ಹೋದರೆ ಮತ್ತೆ ಜಾಹೀರಾತು, ಮತ್ತೆ ಸಂದರ್ಶನ, ಮತ್ತೆ ತರಬೇತಿ. ನಡುವೆ ತಿಂಗಳುಗಟ್ಟಲೆ ಬೀಗ ಬಿದ್ದ ಕೋಣೆ. ಬಾಗಿಲ ತನಕ ಬಂದು ಮರಳಿದ ಮಗು ಮತ್ತೆ ಬರುತ್ತದೆಂಬ ಖಾತ್ರಿ ಇಲ್ಲ.

ಅನುದಾನ ಕೊಡುವವರು ಮುಂದಿನ ಸಲ ವರದಿ ತರಿಸಿಕೊಳ್ಳುವಾಗ ‘ಎಷ್ಟು ಮಂದಿಯನ್ನು ನೇಮಿಸಿದಿರಿ’ ಎಂಬ ಕಾಲಂ ಪಕ್ಕದಲ್ಲಿ ‘ಮೂರು ವರ್ಷ ದಾಟಿದವರು ಎಷ್ಟು’ ಎಂಬ ಇನ್ನೊಂದನ್ನು ಸೇರಿಸಲಿ. ಅಲ್ಲಿ ಸೊನ್ನೆ ಕಂಡರೆ, ಬಿಟ್ಟುಹೋದವರ ನಿಷ್ಠೆಯನ್ನು ಪ್ರಶ್ನಿಸುವ ಮೊದಲು ಅವರ ಸಂಬಳದ ಪಟ್ಟಿಯನ್ನು ತರಿಸಿ ನೋಡಲಿ.

— ಒಬ್ಬ ಆಪ್ತಸಮಾಲೋಚಕಿ