ನಕ್ಷೆಯ ಓಟಕ್ಕೆ ಮೊದಲು ಕೋರೆ ಗುರುತಿಸಿ

ಮಾನ್ಯರೇ,

ನಕ್ಷೆ, ದಿಕ್ಸೂಚಿ ಹಿಡಿದು ತಂಡವಾಗಿ ಕಾಡುಗುಡ್ಡ ಸುತ್ತಿ, ನಕ್ಷೆಯಲ್ಲಿ ಗುರುತಿಸಿದ ಜಾಗಗಳನ್ನು (ಚೆಕ್‌ಪಾಯಿಂಟ್) ಹುಡುಕುವ ರೊಗೇನಿಂಗ್ ಪಂದ್ಯವನ್ನು ನಮ್ಮ ಕರಾವಳಿಯಲ್ಲೂ ನಡೆಸಬೇಕೆಂದಿರುವ ಯುವಕ ಸಂಘಗಳಿಗೆ, ಕಾಲೇಜುಗಳಿಗೆ ಒಂದು ಮಾತು. ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆಯ ಗುಡ್ಡಗಳಲ್ಲಿ ನಕ್ಷೆಯನ್ನು ನೆಲದ ಮೇಲೆ ನಡೆದು ತಿದ್ದದೆ ಪಂದ್ಯ ಇಡಬೇಡಿ.

ಕಾರಣ ಕೆಂಪುಕಲ್ಲಿನ ಕೋರೆ, ಅಂದರೆ ಕಲ್ಲು ಕಡಿದು ಬಿಟ್ಟ ಹೊಂಡ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎತ್ತರದ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ) ನಡುವಿನ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್. ಮೂರಾಳು ಆಳದ ಕೋರೆ ಎರಡು ಗೆರೆಗಳ ನಡುವೆ ಮುಚ್ಚಿಹೋಗುತ್ತದೆ. ಸರ್ವೆಯ ನಂತರ ಕಡಿದ ಕೋರೆಯಂತೂ ಅದರಲ್ಲಿ ಇರುವುದೇ ಇಲ್ಲ. ಅಂಚಿನವರೆಗೂ ಮುಳಿಹುಲ್ಲು. ರಾತ್ರಿ ತಲೆಗೆ ಕಟ್ಟಿದ ಟಾರ್ಚಿನ ಬೆಳಕಿಗೆ ಹುಲ್ಲಿನ ತುದಿ ಬೆಳ್ಳಗೆ ಹೊಳೆಯುತ್ತದೆ, ಅದರಾಚೆ ಬರೀ ಕತ್ತಲೆ. ನೆಲ ಮುಗಿದಿದೆ ಎಂದು ತಿಳಿಯುವುದು ಕಾಲಿಟ್ಟ ಮೇಲೆಯೇ. ತರಗೆಲೆ ತುಂಬಿದ ಅಗಳುಗಳೂ (ಕಂದಕಗಳೂ) ಕಾಲು ಮುರಿಯಲು ಸಾಕು. ಆದ್ದರಿಂದ ಸಂಘಟಕರು ಹಗಲಲ್ಲಿ ಸುತ್ತಿ, ಪ್ರತಿ ಕೋರೆಗೂ ಕೆಂಪು ಅಡ್ಡಗೆರೆ ಎಳೆದು ಪ್ರವೇಶವಿಲ್ಲವೆಂದು ಗುರುತಿಸಿ, ನಕ್ಷೆಯನ್ನು 1:25,000ಕ್ಕೆ ಹಿಗ್ಗಿಸಿ ಮುದ್ರಿಸಬೇಕು. ಎರಡು ಚೆಕ್‌ಪಾಯಿಂಟ್‌ಗಳ ನಡುವಿನ ನೇರದಾರಿ ಕೋರೆಯ ಮೇಲೆ ಹಾಯಬಾರದು. ದಣಿದ ತಂಡ ಸುತ್ತುದಾರಿ ಹಿಡಿಯುವುದಿಲ್ಲ. ಕುದುರೆಮುಖ ಉದ್ಯಾನ, ಸೋಮೇಶ್ವರ ಅಭಯಾರಣ್ಯದ ಗಡಿಗೂ ಇದೇ ಕೆಂಪು ಗೆರೆ ಬೇಕು. ಗೇರುತೋಪಿನ ಮಾಲೀಕರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು.

ಇದು ಮ್ಯಾರಥಾನ್ ಅಲ್ಲ. 1976ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಈ ಆಟದ ಪೂರ್ಣ ಅವಧಿ 24 ಗಂಟೆ. ತಂಡದಲ್ಲಿ ಇಬ್ಬರಿಂದ ಐವರು, ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರವೇ ಇರಬೇಕು. ಜಿಪಿಎಸ್ ಕೂಡದು. ಪ್ರತಿ ಚೆಕ್‌ಪಾಯಿಂಟ್‌ಗೆ ಬೇರೆ ಬೇರೆ ಅಂಕ. ಯಾವುದು ಮೊದಲು, ಯಾವುದನ್ನು ಬಿಡುವುದು ಎಂಬುದು ತಂಡದ ತೀರ್ಮಾನ. ತಡವಾಗಿ ಬಂದರೆ ನಿಮಿಷದ ಲೆಕ್ಕದಲ್ಲಿ ಅಂಕ ಕಡಿತ, ಸಾಮಾನ್ಯವಾಗಿ ಅರ್ಧ ಗಂಟೆ ಮೀರಿದರೆ ಗಳಿಸಿದ್ದೆಲ್ಲ ಹೋಯಿತು. ಹೊಸಬರಿಗೆ ಹಗಲಿನ ಆರು ಗಂಟೆಯ ಪಂದ್ಯ ಧಾರಾಳ ಸಾಕು.

ತಂಡಗಳು ಸೋಲುವುದು ಹೆಚ್ಚಾಗಿ ಯೋಜನೆಯಲ್ಲಿ. ನಕ್ಷೆ ಕೈಗೆ ಬಂದೊಡನೆ ದಾರಿಯ ಮೇಲೆ ನೂಲು ಹಾಸಿ ಅಳೆಯಿರಿ. 1:25,000ದಲ್ಲಿ ನಾಲ್ಕು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ನಮ್ಮ ಗುಡ್ಡಗಳಲ್ಲಿ ಗಂಟೆಗೆ ಮೂರು ಕಿಲೋಮೀಟರ್, ಬೆತ್ತದ ಪೊದೆಯಿದ್ದರೆ ಅದರರ್ಧ ಎಂದಿಟ್ಟುಕೊಳ್ಳಿ. ಪ್ರತಿ ನೂರು ಮೀಟರ್ ಏರಿಗೆ ಹತ್ತು ನಿಮಿಷ ಸೇರಿಸಿ. ದೂರದ, ಹೆಚ್ಚು ಅಂಕದವನ್ನು ಮೊದಲು ಮುಗಿಸಿ, ಶಿಬಿರದ ಹತ್ತಿರದ ಚಿಕ್ಕವನ್ನು ಕೊನೆಗೆ ಇಟ್ಟುಕೊಂಡರೆ ಹೊತ್ತು ನೋಡಿ ಬಿಡಬಹುದು, ಹಿಡಿಯಬಹುದು.

ಚೆಕ್‌ಪಾಯಿಂಟ್‌ಗೆ ನೇರ ನುಗ್ಗಬೇಡಿ. ಇನ್ನೂರು ಮುನ್ನೂರು ಮೀಟರ್ ಈಚೆಗೆ ತಪ್ಪಲು ಸಾಧ್ಯವೇ ಇಲ್ಲದ ಗುರುತು, ತೋಡಿನ (ಹಳ್ಳದ) ಕವಲೋ ಮಣ್ಣುರಸ್ತೆಯ ತಿರುವೋ, ಆರಿಸಿಕೊಂಡು ಅಲ್ಲಿಂದ ದಿಕ್ಕು ಹಿಡಿದು ಹೆಜ್ಜೆ ಎಣಿಸಿ. ಗುರಿ ತೋಡಿನ ದಡದಲ್ಲಿದ್ದರೆ ಬೇಕೆಂದೇ ಐದು ಡಿಗ್ರಿ ಎಡಕ್ಕೆ ನಡೆಯಿರಿ. ಅರ್ಧ ಕಿಲೋಮೀಟರ್‌ಗೆ ಸುಮಾರು 45 ಮೀಟರ್ ಎಡಕ್ಕೆ ಬಿದ್ದು, ತೋಡು ಸಿಕ್ಕಾಗ ಬಲಕ್ಕೆ ತಿರುಗಬೇಕೆಂಬುದು ಖಚಿತವಾಗುತ್ತದೆ. ಜನವರಿ ಕಳೆದರೆ ನಕ್ಷೆಯ ಎಷ್ಟೋ ನೀಲಿ ಗೆರೆಗಳು ನೆಲದಲ್ಲಿ ಒಣಗಿರುತ್ತವೆ ಎಂಬುದು ನೆನಪಿರಲಿ. ದಿಕ್ಸೂಚಿಯನ್ನು ಮೊಬೈಲ್, ಅಯಸ್ಕಾಂತವಿರುವ ಟಾರ್ಚಿನಿಂದ ದೂರ ಹಿಡಿಯಿರಿ, ಮುಳ್ಳು ವಾಲುತ್ತದೆ.

ನಮ್ಮ ಸೆಖೆಯಲ್ಲಿ ಗಂಟೆಗೆ ಅರ್ಧ ಲೀಟರ್‌ಗೆ ಕಡಿಮೆಯಿಲ್ಲದಂತೆ ನೀರು, ಜತೆಗೆ ಉಪ್ಪು ಬೇಕು. ಸಂಘಟಕರು ನೀರಿನ ಜಾಗಗಳನ್ನು ನಕ್ಷೆಯಲ್ಲೇ ತೋರಿಸಲಿ. ಪ್ರತಿಯೊಬ್ಬರ ಕೊರಳಲ್ಲೂ ಸೀಟಿ ಇರಲಿ.

ಇನ್ನೊಂದು, ಖರ್ಚಿಲ್ಲದ್ದು: ಆಯ್ದ ಚೆಕ್‌ಪಾಯಿಂಟ್‌ಗಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ಪುಸ್ತಕ, ಪೆನ್ಸಿಲ್ ತೂಗುಹಾಕಿ. ತಂಡದ ಸಂಖ್ಯೆ, ಬಂದ ಹೊತ್ತು, ಮುಂದೆ ಹೋಗುವ ಚೆಕ್‌ಪಾಯಿಂಟ್ ಬರೆದು ಹೋಗುವುದು ಕಡ್ಡಾಯವಾಗಲಿ. ಯಾವುದಾದರೂ ತಂಡ ಹೊತ್ತಿಗೆ ಮರಳದಿದ್ದರೆ ಇಡೀ ಗುಡ್ಡ ಜಾಲಾಡಬೇಕಿಲ್ಲ, ಕೊನೆಯ ಸಹಿ ಎಲ್ಲಿದೆಯೋ ಅಲ್ಲಿಂದ ಹುಡುಕಲು ಹೊರಟರಾಯಿತು.

– ಓರಿಯೆಂಟೀರಿಂಗ್ ಆಸಕ್ತರು, ಉಡುಪಿ