ನಿನ್ನ ಸೈನ್ಯಕ್ಕೆ ನಾನು ಬಣ್ಣ ಹಚ್ಚಿದೆ

ಪ್ರೀತಿಯ ಸಂಗು,

ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಪುಣೆ ಬಿಡುವಾಗ ನೀನು ಚಪ್ಪಲಿ ಡಬ್ಬಿಯಲ್ಲಿ ತುಂಬಿ, ದಾರ ಕಟ್ಟಿ, ‘ಮುಟ್ಟಿದವರಿಗೆ ಮೂರನೇ ಆನೆಯ ಆಣೆ’ ಎಂದು ಬರೆದು ನನ್ನ ಕಪಾಟಿನಲ್ಲಿಟ್ಟು ಹೋದೆಯಲ್ಲ, ಆ ದಾರ ಬಿಚ್ಚಿದೆ. ನಿನ್ನ 20 ನೆಕ್ರಾನ್ ಯೋಧರಿಗೂ ಬಣ್ಣ ಹಚ್ಚಿ ಮುಗಿಸಿದ್ದೇನೆ. ಏಳು ಸಂಜೆ ಹಿಡಿಯಿತು. ಆನೆಗೆ ಏನು ಹೇಳಬೇಕೋ ನಾನೇ ಹೇಳಿಕೊಳ್ಳುತ್ತೇನೆ.

ಇದನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿನಗೊಬ್ಬನಿಗೇ ಬರೆದಿದ್ದರೆ ಅರ್ಧ ಓದುವಷ್ಟರಲ್ಲಿ ನೀನು ಫೋನ್ ಮಾಡಿ ಮಾತು ಬದಲಿಸುತ್ತಿದ್ದೆ. ಆ ನಾಲ್ಕು ಜನರಿಗಾಗಿ ಇಷ್ಟು: ಇವು ಹೆಬ್ಬೆರಳಿಗಿಂತ ಚಿಕ್ಕ ಪ್ಲಾಸ್ಟಿಕ್ ಗೊಂಬೆಗಳು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ಹೊರತಂದ ವಾರ್‌ಹ್ಯಾಮರ್ 40,000 ಎಂಬ ಯುದ್ಧದಾಟದ ಸೈನಿಕರು. ಚೌಕಟ್ಟಿನಿಂದ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ, ಆಮೇಲೆ ಮೇಜಿನ ಮೇಲೆ ಅಳತೆ ಟೇಪು ಮತ್ತು ದಾಳ ಹಿಡಿದು ಆಡುವುದು. 2020ರ ಜುಲೈನಲ್ಲಿ ಬಂದ ಇಂಡೋಮಿಟಸ್ ಪೆಟ್ಟಿಗೆಯನ್ನು ನಾವಿಬ್ಬರು ಅರ್ಧರ್ಧ ದುಡ್ಡು ಹಾಕಿ ಕೊಂಡೆವು. ಒಟ್ಟು 61 ಗೊಂಬೆಗಳು. ಕವಚ ತೊಟ್ಟ 24 ಸ್ಪೇಸ್ ಮರೀನ್‌ಗಳು ನನಗೆ, 37 ಲೋಹದವರು, ಅಂದರೆ ನೆಕ್ರಾನ್‌ಗಳು, ನಿನಗೆ.

ಈ ಸಲ ಮಳೆ ಬಿಡುವು ಕೊಟ್ಟಿರಲಿಲ್ಲ. ಗಾಳಿಯಲ್ಲಿ ತೇವವಿದ್ದಾಗ ಸ್ಪ್ರೇ ಹೊಡೆದರೆ ಬಣ್ಣ ವಿಭೂತಿ ಬಳಿದಂತೆ ಪುಡಿಪುಡಿಯಾಗಿ ಕೂರುತ್ತದೆ. ನಮ್ಮ ಮೊದಲ ಐದು ಮಂದಿಯ ಗತಿ ನಿನಗೆ ನೆನಪಿರಬೇಕು. ಒಂದು ಭಾನುವಾರ ಹನ್ನೊಂದರ ಹೊತ್ತಿಗೆ ಬಿಸಿಲು ಬಿತ್ತು. ಹಳೆಯ ರಟ್ಟಿನ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಾರಸಿಗೆ ಒಯ್ದು, ಒಂದಡಿ ದೂರದಿಂದ ಕೈ ನಿಲ್ಲಿಸದೆ ಉಕ್ಕಿನ ಬಣ್ಣದ ಸ್ಪ್ರೇ ಹೊಡೆದೆ. ಮೊದಲ ಬಣ್ಣ ಅಲ್ಲಿಗೆ ಮುಗಿಯಿತು.

ಎರಡನೆಯದು ಕಪ್ಪು ವಾಶ್. ನೀರಿನಷ್ಟು ತೆಳ್ಳಗಿನ ಬಣ್ಣ. ಕುಂಚದ ತುದಿಯನ್ನು ಗೊಂಬೆಯ ಎದೆಗೆ ಮುಟ್ಟಿಸಿದರೆ ಸಾಕು, ಪಕ್ಕೆಲುಬಿನ ಸಂದಿಯನ್ನು ತಾನೇ ಹುಡುಕಿಕೊಂಡು ಹರಿಯುತ್ತದೆ. ಉಬ್ಬಿನ ಮೇಲೆ ನಿಲ್ಲದೆ ಜಾರಿ, ತಗ್ಗಿನಲ್ಲಿ ಕೂತು, ಒಣಗುತ್ತಾ ನೆರಳಾಗುತ್ತದೆ. ಎಲ್ಲಾದರೂ ಹೆಚ್ಚಾಗಿ ನಿಂತರೆ ಒಣ ಕುಂಚದಿಂದ ಹೀರಿಕೊಳ್ಳಬೇಕು. ಅದರ ಮೇಲೆ, ಬಟ್ಟೆಗೆ ಒರೆಸಿದ ಕುಂಚದಲ್ಲಿ ಉಳಿದಷ್ಟೇ ಬೆಳ್ಳಿಯನ್ನು ಅಂಚುಗಳಿಗೆ ಸವರಿದರೆ ಲೋಹ ಎದ್ದು ಬರುತ್ತದೆ. ಮೂರನೆಯದು ಕಣ್ಣಿಗೆ ಮತ್ತು ಬಂದೂಕಿಗೆ. ಪೆಟ್ಟಿಗೆಯ ಚಿತ್ರದಲ್ಲಿ ಅದು ಹಸಿರು. ನಾನು ಹಳದಿ ಹಚ್ಚಿದೆ.

ಮೂರು ಬಣ್ಣದ ಸೈನ್ಯವೆಂದರೆ ಸೋಮಾರಿತನ ಎಂದು ನಾನೇ ನಿನ್ನೊಂದಿಗೆ ವಾದಿಸಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಬ್ಬೊಬ್ಬನನ್ನೇ ದೀಪದ ಕೆಳಗೆ ಹಿಡಿದರೆ ಕೊರತೆ ಕಾಣುತ್ತದೆ, ನಿಜ. ಆದರೆ 20 ಮಂದಿ ಮೇಜಿನ ಮೇಲೆ ಒಟ್ಟಿಗೆ ನಿಂತಾಗ ನಿಂತ ನಿಲುವಿನಿಂದ ನೋಡಿದೆ. ಒಂದೇ ಉಕ್ಕು, ಒಂದೇ ನೆರಳು, ನಲವತ್ತು ಹಳದಿ ಕಣ್ಣುಗಳು. ಸೈನ್ಯ ಎನ್ನುವುದು ಕಂಡದ್ದೇ ಆಗ. 1824ರ ಸುಮಾರಿಗೆ ಪ್ರಷ್ಯಾದ ಸೇನಾಧಿಕಾರಿಗಳು ನಕ್ಷೆಯ ಮೇಲೆ ಯುದ್ಧ ಆಡುತ್ತಿದ್ದಾಗ ಅವರ ತುಂಡುಗಳಿಗೆ ಇದ್ದದ್ದು ಎರಡೇ ಬಣ್ಣ: ತಮ್ಮದು ನೀಲಿ, ಎದುರಾಳಿಯದು ಕೆಂಪು. ಅವರಿಗೆ ಅಷ್ಟು ಸಾಕಾಗಿತ್ತು.

ನನಗೆ ಸಾಕಾಗಿರಲಿಲ್ಲ. ನನ್ನ ಮರೀನ್‌ಗಳಿಗೆ ಇಂಪೀರಿಯಲ್ ಫಿಸ್ಟ್ಸ್ ಪಡೆಯ ಹಳದಿಯನ್ನೇ ಆರಿಸಿಕೊಂಡೆ. ಏಕೆ ಎಂದು ನಿನಗೆ ಗೊತ್ತು, ನೀನೂ ನಮ್ಮೊಂದಿಗೆ ಭಂಡಾರ ಹಾರಿಸುತ್ತಾ ಜೇಜುರಿಯ ಖಂಡೋಬನ, ಅಂದರೆ ನಮ್ಮ ಮೈಲಾರನ, ಗುಡಿಯ ಮೆಟ್ಟಿಲು ಹತ್ತಿದವನು. ಆ ದಿನ ಇಳಿದು ಬಂದ ಮೇಲೆ ಚಹಾದ ಅಂಗಡಿಯಲ್ಲಿ ಅಪ್ಪ ಲೋಟ ಹಿಡಿದಿದ್ದ ಕೈ ನನ್ನ ಕಣ್ಣಿನಲ್ಲಿ ಹಾಗೆಯೇ ಉಳಿದಿದೆ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡಿದ್ದರು. ಆದರೂ ಬೆರಳಿನ ಗೆಣ್ಣುಗಳ ಗೆರೆಯಲ್ಲಿ, ಉಗುರಿನ ಬುಡದಲ್ಲಿ, ಗಡಿಯಾರದ ಚರ್ಮದ ಪಟ್ಟಿಯ ತೂತುಗಳಲ್ಲಿ ಭಂಡಾರ ಕೂತಿತ್ತು. ಉಬ್ಬಿದ್ದಲ್ಲಿ ಒರೆಸಿ ಹೋಗಿ, ತಗ್ಗಿನಲ್ಲಿ ಉಳಿದ ಅರಿಶಿನ. ವಾಶ್ ಹಚ್ಚುವಾಗಲೆಲ್ಲ ನನಗೆ ಆ ಕೈ ಕಾಣುತ್ತದೆ.

ಹಳದಿ ಕಷ್ಟದ ಬಣ್ಣ. ಕೆಳಗಿನದನ್ನು ಅದು ಮುಚ್ಚುವುದಿಲ್ಲ; ಕಪ್ಪಿನ ಮೇಲೆ ಹಚ್ಚಿದರೆ ಪಾಚಿಯಂತೆ ಕಾಣುತ್ತದೆ. ಮೊದಲು ತಿಳಿ ಕಂದು, ಮೇಲೆ ಕಾವಿ ಕಲೆತ ಹಳದಿ, ಮತ್ತೆ ತೆಳ್ಳಗೆ ಎರಡು ಪದರ, ಸಂದಿಗಳಿಗೆ ಕಂದು ಗೆರೆ, ಅಂಚಿಗೆ ತಿಳಿ ಹಳದಿ. ಒಬ್ಬ ಸೈನಿಕನಿಗೆ ಎರಡು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಎರಡು ವರ್ಷಗಳಲ್ಲಿ 11 ಮಂದಿ.

ಆ ಎರಡು ವರ್ಷ ಅಪ್ಪ ಹಾಸಿಗೆಯಲ್ಲಿದ್ದರು.

ಭೋಸರಿಯ ಕಾರ್ಖಾನೆಯಲ್ಲಿ 29 ವರ್ಷ ಸ್ಟೋರ್‌ಕೀಪರ್ ಆಗಿದ್ದವರು. ಲೆಕ್ಕ ಕೂಡದೆ ಅವರ ದಿನ ಮುಗಿಯುತ್ತಿರಲಿಲ್ಲ. ಮಲಗಿದ ಮೇಲೆ ಎಣಿಸಲು ಉಳಿದದ್ದು ಮಾತ್ರೆಗಳು ಮತ್ತು ನನ್ನ ಸೈನಿಕರು. ರಾತ್ರಿ ಊಟವಾದ ಮೇಲೆ ಹೊರಗಿನ ಕೋಣೆಯಿಂದ ಕೇಳುತ್ತಿದ್ದರು: ‘ನಮ್ಮ ಮೈಲಾರಲಿಂಗನದು ಏಳು ಕೋಟಿ. ನಿನ್ನದು ಎಷ್ಟಕ್ಕೆ ಬಂತು?’ ಮಣಿ ಮಲ್ಲಾಸುರರ ಮೇಲೆ ಏರಿ ಹೋದ ಮೈಲಾರನ ಹಿಂದೆ ಏಳು ಕೋಟಿ ಸೈನ್ಯವಿತ್ತಂತೆ. ನಮ್ಮ ಕಡೆ ‘ಏಳುಕೋಟಿ’ ಎಂದು ಕೂಗುತ್ತೇವೆ, ಜೇಜುರಿಯಲ್ಲಿ ‘ಯೇಳಕೋಟ್’ ಎನ್ನುತ್ತಾರೆ. ಅಪ್ಪನಿಗೆ ಅದೆಲ್ಲ ಒಂದೇ ಲೆಜರಿನ ಪುಟಗಳು. ನಿನ್ನ ನೆಕ್ರಾನ್‌ಗಳ ಕಥೆಯನ್ನೂ ಒಮ್ಮೆ ಹೇಳಿದ್ದೆ: ಅಲ್ಪಾಯುಷಿಗಳಾಗಿದ್ದ ಒಂದು ಜನ ಸಾವಿಗೆ ಹೆದರಿ ಮೈಯನ್ನೇ ಕೊಟ್ಟು ಲೋಹದ ಮೈ ಪಡೆದರು, ಸಾಮಾನ್ಯ ಸೈನಿಕರಿಗೆ ಹಿಂದಿನ ನೆನಪೇ ಉಳಿಯಲಿಲ್ಲ ಎಂದು. ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಸ್ಟಾಕ್ ಇದೆ, ಲೆಜರ್ ಇಲ್ಲ’ ಎಂದರು.

ನಾನು ಒಳಗಿನಿಂದಲೇ ‘ಒಂಬತ್ತು’ ಎನ್ನುತ್ತಿದ್ದೆ. ತಿಂಗಳುಗಟ್ಟಲೆ ‘ಒಂಬತ್ತು’. ‘ಬಾ, ಸ್ವಲ್ಪ ಹೊತ್ತು ಕೂತುಕೋ’ ಎಂದರೆ, ‘ಬಣ್ಣ ಒಣಗಬೇಕು ಅಪ್ಪ, ಒಂದು ಗಂಟೆ’ ಎನ್ನುತ್ತಿದ್ದೆ. ಒಂದು ಗಂಟೆಯ ಹೊತ್ತಿಗೆ ಅವರಿಗೆ ನಿದ್ದೆ ಹತ್ತಿರುತ್ತಿತ್ತು.

ಮೊನ್ನೆ, ನಿನ್ನ ಆರನೇ ಯೋಧನ ಕಣ್ಣಿಗೆ ಹಳದಿ ಇಟ್ಟು, ಒಣಗಿತೇ ಎಂದು ಕಿರುಬೆರಳು ತಾಕಿಸಿ ನೋಡಿದೆ. ಒಣಗಿತ್ತು. ಮೊಬೈಲಿನಲ್ಲಿ ಹೊತ್ತು ನೋಡಿದೆ. ನಾಲ್ಕು ನಿಮಿಷ. ಅಕ್ರಿಲಿಕ್ ಒಣಗಲು ಎಷ್ಟು ಹೊತ್ತು ಬೇಕೆಂದು ನನಗೆ ಯಾವಾಗಲೂ ಗೊತ್ತಿತ್ತು, ಸಂಗು. ನಿನಗೂ ಗೊತ್ತು. 29 ವರ್ಷ ಬಣ್ಣದ ಡಬ್ಬಿಗಳ ಒಳಹೊರಗು ಬರೆದಿಟ್ಟವರಿಗೆ ಗೊತ್ತಿರಲಿಲ್ಲವೇ? ಅವರು ಒಮ್ಮೆಯೂ ‘ಇನ್ನೂ ಒಣಗಲಿಲ್ಲವೇ’ ಎಂದು ಕೇಳಲಿಲ್ಲ.

ಅವರ ಕೈ ನಡುಗುತ್ತಿತ್ತು. ಅಚ್ಚಿನಂಥ ಅಕ್ಷರ ಬರೆಯುತ್ತಿದ್ದ ಕೈ ಅನ್ನದ ತುತ್ತನ್ನು ಬಾಯಿಗೆ ಮುಟ್ಟಿಸಲಾರದಂತಾಗಿತ್ತು. ಅದನ್ನು ನೋಡುತ್ತಾ ಪಕ್ಕದಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಅವ್ವ ಕೂರುತ್ತಿದ್ದಳು. ನಾನು ದೀಪ ಹಾಕಿಕೊಂಡು, ಬಾಗಿಲು ಅರ್ಧ ಮುಚ್ಚಿಕೊಂಡು ಆರನೆಯ ಪದರ ಹಚ್ಚುತ್ತಿದ್ದೆ. ಹಳದಿ ಕಷ್ಟದ ಬಣ್ಣವೇ, ಆದರೆ ಮೂರು ಪದರಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಎದ್ದು ಹೊರಗೆ ಬರಬೇಕಾಗುತ್ತಿತ್ತು. ಚಂಪಾಷಷ್ಠಿ ಮುಗಿದ ವಾರದಲ್ಲೇ ಅಪ್ಪ ತೀರಿಹೋದರು. ಲೆಕ್ಕ ಹನ್ನೊಂದಕ್ಕೆ ನಿಂತಿದೆ. ಹನ್ನೆರಡನೆಯವನಿಗೆ ಹೆಲ್ಮೆಟ್ ಒಂದು ಬಾಕಿ.

ಏಳು ಸಂಜೆಯಲ್ಲಿ 20 ಮಂದಿ ಮುಗಿದದ್ದು ನನಗೆ ಸಂತೋಷವನ್ನೇ ಕೊಟ್ಟಿತು. ಕೊನೆಯವನನ್ನು ಮೇಜಿಗಿಟ್ಟು, ಕುಂಚ ತೊಳೆದು, ‘ಇಪ್ಪತ್ತು’ ಎಂದು ಗಟ್ಟಿಯಾಗಿ ಹೇಳಿದೆ. ಅಡುಗೆಮನೆಯಿಂದ ಅವ್ವ ‘ಏನು ಇಪ್ಪತ್ತು?’ ಎಂದಳು. ಹೊರಗೆ ಹೋಗಿ ಅವಳ ಪಕ್ಕ ಕೂತೆ. ಇಬ್ಬರೂ ಹಸಿ ಶೇಂಗಾ ಸುಲಿದೆವು.

ಇಷ್ಟೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ನಿನ್ನ ಸೈನ್ಯಕ್ಕೆ ಹಸಿರಿನ ಬದಲು ಹಳದಿ ಏಕೆ ಬಂತು ಎಂದಷ್ಟೇ ಹೇಳಬೇಕಿತ್ತು. ಬೇಡವಾದರೆ ಹೇಳು, ಹಸಿರು ಬಳಿಯಲು ಒಂದೇ ಸಂಜೆ ಸಾಕು. ಆದರೆ ಬೇಡವೆನ್ನಬೇಡ.

ದೀಪಾವಳಿಗೆ ಬಾ. ಮಳೆ ಹೋಗಿರುತ್ತದೆ, ತಾರಸಿಯಲ್ಲಿ ಸ್ಪ್ರೇ ಹೊಡೆಯಬಹುದು. ನಿನ್ನ ಸ್ಕ್ಯಾರಬ್ ಹುಳುಗಳ ಆರೂ ಗುಂಪು ಇನ್ನೂ ಬೂದು ಬಣ್ಣದಲ್ಲೇ ಇವೆ, ಅವನ್ನು ನೀನೇ ಮಾಡು. ಆಮೇಲೆ ಆಡೋಣ. ಬಿದ್ದ ನೆಕ್ರಾನ್‌ಗಳು ದಾಳ ಒಲಿದರೆ ಮತ್ತೆ ಏಳುವ ನಿಯಮವನ್ನು ನಿನ್ನೆ ತೆಗೆದು ಓದಿದೆ. ನಡುವೆ ಪುಸ್ತಕ ಮುಚ್ಚಿಟ್ಟು ಸ್ವಲ್ಪ ತಿರುಗಾಡಿ ಬಂದು, ಮತ್ತೆ ಓದಿದೆ. ನನ್ನ ಹನ್ನೊಂದು ಮಂದಿ ಎದುರಿಗೆ ನಿಲ್ಲುತ್ತಾರೆ. ಹೆಲ್ಮೆಟ್ ಮುಗಿದರೆ ಹನ್ನೆರಡು.

ಅವ್ವ ಶೇಂಗಾ ಹೋಳಿಗೆ ಮಾಡುತ್ತಾಳಂತೆ. ಬರುವಾಗ ಪೇಡೆ ತಾ, ಆದರೆ ಆ ಬಸ್ ನಿಲ್ದಾಣದ ಪೇಡೆಯಲ್ಲ. ಆನೆಯನ್ನೂ ಕರೆದುಕೊಂಡು ಬಾ. ಅಲ್ಲಿಯವರೆಗೆ, ಆಗಾಗ ರಾತ್ರಿ ಊಟವಾದ ಮೇಲೆ ಫೋನ್ ಮಾಡಿ, ಎಷ್ಟಕ್ಕೆ ಬಂತು ಎಂದು ಕೇಳು.

ನಿನ್ನ,
ಮೂರನೇ ಆನೆಯ ಮಾವುತ