ಫೋನ್ ಕೊಡಬೇಡಿ ಅಂದರೆ ಸಾಕಾ? ಶಿಕ್ಷಣ ಸಚಿವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್. ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿಯವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮ ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಮಗಳು ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ಅವಳಿಗೆ ಆದದ್ದನ್ನು ಹೇಳಿ ನಿಮ್ಮಲ್ಲಿ ಒಂದು ವಿಷಯ ಕೇಳಬೇಕಿದೆ. ಅವಳ ಹೆಸರು, ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಓದಿದರೆ ನಿಮಗೇ ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತಿದ್ದೆ. ಫೋನ್ ಕಿಟಕಿಯಲ್ಲಿತ್ತು. ಟಿಂಗ್ ಅಂತ ಮೆಸೇಜ್ ಬಂತು. ಅವಳ ಮೈ ಬೆಚ್ಚಿತು. ಕೂದಲು ನನ್ನ ಕೈಯಲ್ಲಿತ್ತಲ್ಲ, ಬೆಚ್ಚಿದ್ದು ನನ್ನ ಬೆರಳಿಗೇ ತಿಳಿಯಿತು. "ಯಾರೇ ಅದು?" ಅಂದೆ. "ಯಾರೂ ಇಲ್ಲಮ್ಮ" ಅಂದಳು. ಎರಡು ವಾರದಿಂದ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಪರೀಕ್ಷೆಯ ಭಯ ಅಂದುಕೊಂಡಿದ್ದೆ.

ಅವತ್ತು ಶಾಲೆಗೆ ಕಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಯಿ ಬಿಟ್ಟಳು. ಒಂದು ಗೇಮಿನಲ್ಲಿ ಒಬ್ಬಳು "ಅಕ್ಕ" ಪರಿಚಯ ಆಗಿದ್ದಳಂತೆ. ಪಿಯುಸಿ ಓದುತ್ತಿದ್ದೇನೆ ಅಂದಿದ್ದಳಂತೆ. ತಿಂಗಳುಗಟ್ಟಲೆ ಒಳ್ಳೊಳ್ಳೆ ಮಾತು. ಆಮೇಲೆ ನಂಬರ್ ತಗೊಂಡು ವಾಟ್ಸಾಪ್‌ಗೆ ಬಂದಿದ್ದಾಳೆ. ನನಗೆ ಅನುಮಾನ ಬರಬಾರದು ಅಂತ ಮಗಳು ಆ ನಂಬರನ್ನು ಕ್ಲಾಸಿನ ಗೆಳತಿಯ ಹೆಸರಲ್ಲಿ ಸೇವ್ ಮಾಡಿದ್ದಳು. ಯೂನಿಫಾರ್ಮ್‌ನಲ್ಲಿ ಒಂದು ಫೋಟೋ ಕಳಿಸು ಅಂತ ಕೇಳಿದ್ದಕ್ಕೆ ಕಳಿಸಿದ್ದಾಳೆ. ಆ ಅಕ್ಕ ಯಾವನೋ ಗಂಡಸು ಅಂತ ಗೊತ್ತಾಗಿದ್ದು ಆಮೇಲೆ. ಬೇರೆ ಥರದ ಫೋಟೋ ಕೇಳಿದ್ದಾನೆ. ಇವಳು ಕಳಿಸಲಿಲ್ಲ. "ನಿನ್ನ ಮುಖಾನೇ ಬೇರೆಯವರ ಮೈಗೆ ಅಂಟಿಸಿ ನಿಮ್ಮ ಸ್ಕೂಲ್ ಗ್ರೂಪಿಗೆ ಹಾಕ್ತೀನಿ" ಅಂತ ಹೆದರಿಸಿದ್ದಾನೆ.

"ನನಗ್ಯಾಕೆ ಹೇಳಲಿಲ್ಲ ಮಗಾ?" ಅಂದೆ.

"ಅಪ್ಪ ಸ್ಕೂಲ್ ಬಿಡಿಸ್ತಾರೆ ಅಂತ."

ಸರ್, ಅವನಿಗಿಂತ ಜಾಸ್ತಿ ಅವಳು ನಮಗೆ ಹೆದರಿದ್ದಳು. ಆ ಮಾತು ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಕೂತಿದೆ.

ಯಜಮಾನರಿಗೆ ಸಿಟ್ಟು ತಡೆಯಲಿಲ್ಲ. ಚಾಟ್ ಪೂರ್ತಿ ಡಿಲೀಟ್ ಮಾಡಿ, ನಂಬರ್ ಬ್ಲಾಕ್ ಮಾಡಿ, ಗೇಮ್ ತೆಗೆದುಹಾಕಿದರು. ಮಾರನೇ ದಿನ ಠಾಣೆಗೆ ಹೋದೆವು. ಅಲ್ಲಿದ್ದವರು ಚೆನ್ನಾಗಿಯೇ ಮಾತಾಡಿಸಿದರು. "ಮೆಸೇಜ್ ತೋರಿಸಮ್ಮ" ಅಂದರು. ತೋರಿಸೋಕೆ ಏನೂ ಇರಲಿಲ್ಲ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆಮೇಲೆ ಬ್ಲಾಕ್ ಮಾಡಬೇಕು ಅಂತ ನಮಗೆ ಯಾರು ಹೇಳಿದ್ದರು?

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಒಂದು ಭಾನುವಾರ ಬಂದು ಕೂತು ಎಲ್ಲ ತೋರಿಸಿಕೊಟ್ಟ. ಮಕ್ಕಳಿಗೆ ತೊಂದರೆ ಅಂದರೆ 1098, ಆನ್‌ಲೈನ್‌ನಲ್ಲಿ ದುಡ್ಡು ಹೋದರೆ 1930. ನಮ್ಮ ರಾಜ್ಯದಲ್ಲಿ ಸೈಬರ್ ದೂರು ತಗೊಳ್ಳೋಕೆ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ. ಮಕ್ಕಳ ಕೆಟ್ಟ ಫೋಟೋ ಹರಿದಾಡುತ್ತಿದ್ದರೆ, ನಮ್ಮ ಹೆಸರು ಹೇಳದೆಯೂ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಟೇಕ್ ಇಟ್ ಡೌನ್ ಅಂತ ಒಂದು ಉಚಿತ ಸೇವೆ ಇದೆ. ಅದರಲ್ಲಿ ಫೋಟೋ ನಮ್ಮ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಅದೇ ಫೋಟೋ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅಂಥ ಕಡೆ ಬಂದರೆ ಹಿಡಿದು ತೆಗೆಯುತ್ತಾರೆ. ಇದು ಮೊದಲೇ ಗೊತ್ತಿದ್ದಿದ್ದರೆ ನನ್ನ ಮಗಳು ಎರಡು ವಾರ ಒಬ್ಬಳೇ ನಡುಗುತ್ತಿರಲಿಲ್ಲ.

ಎಲ್ಲರ ಮನೆಯಲ್ಲೂ ಇಂಥ ತಮ್ಮ ಇರುವುದಿಲ್ಲ ಸರ್.

ಪೋಷಕರ ಸಭೆಗೆ ಹೋದಾಗಲೆಲ್ಲ "ಮಕ್ಕಳ ಕೈಗೆ ಫೋನ್ ಕೊಡಬೇಡಿ" ಅನ್ನುತ್ತಾರೆ. ಅದೇ ದಿನ ಸಂಜೆ ವಾಟ್ಸಾಪ್ ಗ್ರೂಪಿಗೆ ಹೋಂವರ್ಕ್ ಬರುತ್ತದೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ, ಸಾಲ ಮಾಡಿಯಾದರೂ ಫೋನ್ ತಂದವರು ನಾವು. ತಂದದ್ದು ಹೋಗಲಿಲ್ಲ, ಮನೆಯಲ್ಲೇ ಉಳಿಯಿತು. ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿಲ್ಲ.

ಇನ್ನೊಂದು ವಿಷಯ ದೊಡ್ಡವರ ಗಮನಕ್ಕೆ ಬಂದಿದೆಯೋ ಇಲ್ಲವೋ. ಮಕ್ಕಳನ್ನು ಕಾಯೋಕೆ ಅಂತ ಕಂಪನಿಗಳು ಮಾಡಿರುವ ಸೌಲಭ್ಯಗಳಲ್ಲಿ ಹೆಚ್ಚಿನವು ಮಗುವಿಗೆ ಅದರದೇ ಫೋನ್, ಅದರದೇ ಖಾತೆ ಇದ್ದರೆ ಕೆಲಸ ಮಾಡುತ್ತವೆ. ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಗೆ. ಇನ್‌ಸ್ಟಾಗ್ರಾಂನಲ್ಲಿ 18ರ ಒಳಗಿನವರಿಗೆ ಇರುವ ಖಾತೆಯೂ ಹಾಗೇ. ನಮ್ಮ ಮನೆಯಲ್ಲಿ ಇರೋದು ಎರಡು ಫೋನ್. ಯಜಮಾನರದು ಅವರ ಜೊತೆ ಆಟೋದಲ್ಲಿ ಹೋಗುತ್ತದೆ. ನನ್ನದು ಮನೆಮಂದಿಗೆಲ್ಲ. ಬ್ಲೌಸ್ ಡಿಸೈನ್ ಬರೋದೂ ಅದಕ್ಕೆ, ಮಗಳ ಹೋಂವರ್ಕ್ ಬರೋದೂ ಅದಕ್ಕೆ. ಆ ಫೋನಿನ ಲೆಕ್ಕದಲ್ಲಿ ನನ್ನ ಮಗಳಿಗೆ 38 ವರ್ಷ!

2023ರ ಡೇಟಾ ಸಂರಕ್ಷಣೆ ಕಾನೂನು 18ರ ಒಳಗಿನವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ಒಟಿಪಿ ಬಂದರೆ ನನಗೆ ಓದಿ ಹೇಳುವವಳೇ ಅವಳು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್‌ನಿಂದ 16ರ ಒಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯೇ ಇಲ್ಲ. ಇಲ್ಲೂ ಹಾಗೆ ಮಾಡಿ ಅನ್ನುವವರಿದ್ದಾರೆ. ಮಾಡಿದರೂ, ಅಪ್ಪ ಅಮ್ಮನ ಖಾತೆಯಲ್ಲೇ ಇರುವ ಮಕ್ಕಳನ್ನು ಯಾವ ಕಾನೂನು ಹುಡುಕುತ್ತದೆ? ನಮಗೇ ಕಲಿಸಬೇಕು. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ನಾನು ಕೇಳುವುದು ಇಷ್ಟು. ಸಮುದಾಯದತ್ತ ಶಾಲೆ ಅಂತ ನಮ್ಮನ್ನು ಕರೆದು ಮಕ್ಕಳ ಕಲಿಕೆ ತೋರಿಸುತ್ತೀರಲ್ಲ, ಅದರ ಜೊತೆಗೆ ವರ್ಷಕ್ಕೆ ಎರಡು ಸಲ ಎರಡು ಗಂಟೆ ಇದಕ್ಕೆ ಕೊಡಿ. ಭಾಷಣ ಬೇಡ. ನಾವು ನಮ್ಮ ಫೋನ್ ತರುತ್ತೇವೆ. ಅಲ್ಲೇ ಕೂರಿಸಿ, ಕನ್ನಡದಲ್ಲಿ, ಒಂದೊಂದೇ ಮಾಡಿಸಿ. ಕಂಡಕಂಡವರು ಗ್ರೂಪಿಗೆ ಸೇರಿಸದ ಹಾಗೆ ವಾಟ್ಸಾಪ್ ಸೆಟ್ಟಿಂಗ್ ಬದಲಾಯಿಸುವುದು, ಫೋಟೋ ಅಪರಿಚಿತರಿಗೆ ಕಾಣದ ಹಾಗೆ ಮಾಡುವುದು, ಹೋಂವರ್ಕ್ ನೋಡುವಾಗ ಬೇರೆ ಆ್ಯಪ್ ತೆರೆಯದಂತೆ ಪಿನ್ ಮಾಡುವುದು. ಸ್ಕ್ರೀನ್‌ಶಾಟ್ ತೆಗೆಯೋದನ್ನು ಪ್ರತಿಯೊಬ್ಬ ತಾಯಿಯ ಕೈಯಿಂದಲೂ ಮಾಡಿಸಿ. ಮಗು ಬಂದು ಹೇಳಿದರೆ ಮೊದಲ ಮಾತು "ನಿನ್ನ ತಪ್ಪಿಲ್ಲ" ಅಂತ ಇರಬೇಕು, ಅದನ್ನು ಅಪ್ಪಂದಿರಿಗೆ ಮೇಷ್ಟ್ರೇ ಹೇಳಿದರೆ ಕೇಳುತ್ತಾರೆ.

ಮೇಷ್ಟ್ರಿಗೆ ಈಗಲೇ ಹೊರೆ ಜಾಸ್ತಿ, ಗೊತ್ತು. ಸೆನ್ ಠಾಣೆಯಿಂದ ಒಬ್ಬರು ಬರಲಿ. ಪಂಚಾಯಿತಿ ಅರಿವು ಕೇಂದ್ರದವರು, ಅಂದರೆ ಗ್ರಂಥಾಲಯದವರು, ಕೈ ಜೋಡಿಸಲಿ. ಏನು ಹೇಳಿಕೊಡಬೇಕು ಅನ್ನೋದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮೊಬೈಲ್ ಗೀಳು ಬಿಡಿಸುವ ಷಟ್ ಕ್ಲಿನಿಕ್ ಅಲ್ಲಿ 2014ರಿಂದ ನಡೆಯುತ್ತಿದೆ. 1098 ಅನ್ನುವ ನಂಬರನ್ನು ಪ್ರತಿ ಶಾಲೆಯ ಗೋಡೆಯ ಮೇಲೆ, ಬಿಸಿಯೂಟಕ್ಕೆ ಸಾಲು ನಿಲ್ಲುವ ಜಾಗದಲ್ಲಿ ಬರೆಸಿ. ದಿನಾ ನೋಡಿದರೆ ಬಾಯಿಪಾಠ ಆಗುತ್ತದೆ.

ಸಭೆಯನ್ನು ಮಾತ್ರ ಸಂಜೆ ಐದರ ಮೇಲೆ ಇಡಿ, ಇಲ್ಲ ಭಾನುವಾರ ಇಡಿ. ಹಗಲು ಹೊತ್ತು ಕೂಲಿ ಬಿಟ್ಟು ಬರೋಕೆ ಆಗಲ್ಲ.

ನಮ್ಮ ಹೋಬಳಿ ಬಿಟ್ಟು ಜಿಲ್ಲೆಯ ಯಾವ ಶಾಲೆಗೆ ಕರೆದರೂ ನಾನು ಬರುತ್ತೇನೆ, ನಮಗೆ ಆದದ್ದನ್ನು ಬೇರೆ ತಾಯಂದಿರಿಗೆ ನಾನೇ ಹೇಳುತ್ತೇನೆ. ಮಗಳನ್ನು ಕೇಳಿದ್ದೇನೆ. "ಹೇಳಮ್ಮ" ಅಂದಿದ್ದಾಳೆ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ತಾಯಿ